ಬೆಳಗಾವಿಯ ಹಳೇ ಸಾಮಾನಿನ ಪೇಟೆಯಲ್ಲಿ ಉಪ್ಪು-ಮೆಣಸಿನ ಜೋಡಿ: ಎಲ್ಲಿ ಕೊಳ್ಳಬೇಕು, ಏನನ್ನು ಬಿಡಬೇಕು

ನಮ್ಮಲ್ಲಿ ಉಪ್ಪನ್ನು ತಾಟಿನ ತುದಿಗೆ ಬಡಿಸುತ್ತಾರೆ. ಮೇಜಿನ ಮೇಲಿಟ್ಟು, ಬೇಕಾದಾಗ ಬೋರಲು ಹಿಡಿದು ಉದುರಿಸಿಕೊಳ್ಳುವ ಸಾಲ್ಟ್-ಪೆಪ್ಪರ್ ಜೋಡಿ ಬೆಳಗಾವಿಗೆ ಬಂದದ್ದು ದಂಡಿನ ಜೊತೆ. 19ನೇ ಶತಮಾನದ ಮೊದಲರ್ಧದಲ್ಲೇ ಇಲ್ಲಿ ಕ್ಯಾಂಟೋನ್ಮೆಂಟ್ ನೆಲೆಯೂರಿತು. ಕ್ಯಾಂಪಿನ ಬಂಗಲೆಗಳು, ಮೆಸ್ಸುಗಳು, ಕಾನ್ವೆಂಟುಗಳು, ಗೋವಾ ಕಡೆಯ ಮನೆತನಗಳು ಎಲ್ಲ ಸೇರಿ ಈ ಸಾಮಾನನ್ನು ಊರಿನಲ್ಲಿ ಉಳಿಸಿವೆ. ಹಾಗಾಗಿ ಹಳೆಯ ಶೇಕರ್ ಜೋಡಿಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ಕೂಡಿಸುವವರಿಗೆ ಉತ್ತರ ಕರ್ನಾಟಕದಲ್ಲಿ ಬೆಳಗಾವಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ವಿಜಯಪುರ, ಬಾಗಲಕೋಟೆಯ ಪೇಟೆಗಳಲ್ಲಿ ಒಳ್ಳೆಯ ತಾಮ್ರ-ಹಿತ್ತಾಳೆ ಸಿಗುತ್ತದೆ, ಈ ಜೋಡಿಗಳು ಸಿಗುವುದು ಅಪರೂಪ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಾಜಿನ ಜೋಡಿಗಳಿಗೆ ಬೆಳಗಾವಿ ಪೇಟೆಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಪಿಂಗಾಣಿಗೆ ಮೂರು. ಬೆಳ್ಳಿ ಲೇಪದ ಸಾಮಾನಿಗೆ ಎರಡರ ಮೇಲೆ ಕೊಡಲು ಮನಸ್ಸು ಬಾರದು. ಸಾಮಾನು ಕೆಟ್ಟದ್ದೆಂದಲ್ಲ, ಅದಕ್ಕೆ ಹೇಳುವ ಬೆಲೆಗೂ ಅದರ ಮೇಲೆ ಉಳಿದಿರುವ ಬೆಳ್ಳಿಗೂ ತಾಳೆ ಬೀಳುವುದಿಲ್ಲ. ಮೂರಕ್ಕೂ ಅನ್ವಯಿಸುವ ಮಾತು ಒಂದೇ: ಡಬ್ಬಿಯ ಮುಖ ನೋಡಿ ಮರುಳಾಗಬೇಡಿ, ತಳ ಮತ್ತು ಮುಚ್ಚಳ ನೋಡಿ. ಮುಖ ಎಲ್ಲರಿಗೂ ಕಾಣುತ್ತದೆ, ಬೆಲೆ ನಿಲ್ಲುವುದು ತಳದ ಮುದ್ರೆ, ಬಿರಡೆಯ ತೂತು ಮತ್ತು ಮುಚ್ಚಳದ ತಿರುಪಿನ ಮೇಲೆ.

ಮೋಡಕಾ, ಅಂದರೆ ಗುಜರಿ ಅಂಗಡಿಗಳಿಂದ ಶುರು ಮಾಡೋಣ, ಏಕೆಂದರೆ ಹೊಸಬರು ಹೆಚ್ಚು ಸೋಲುವುದು ಇಲ್ಲೇ. ಮೋಡಕಾದವರು ಸಾಮಾನನ್ನು ಜಾತಿವಾರು ಬೇರ್ಪಡಿಸುತ್ತಾರೆ: ಗಾಜು ಗಾಜಿನ ರಾಶಿಗೆ, ಹಿತ್ತಾಳೆ ಹಿತ್ತಾಳೆಯ ಚೀಲಕ್ಕೆ, ಅಲ್ಯೂಮಿನಿಯಂ ಅದರ ಪಾಡಿಗೆ. ಗಾಜಿನ ಶೇಕರ್ ಒಂದು ಬಂತೆಂದರೆ ಮುಚ್ಚಳ ಬಿಚ್ಚಿ ಹಿತ್ತಾಳೆ ಚೀಲಕ್ಕೆ ಒಗೆಯುತ್ತಾರೆ, ಬುಡ್ಡಿ ಬಾಟಲಿಗಳ ಜೊತೆ ಸೇರುತ್ತದೆ. ಜೋಡಿ ಮುರಿಯುವುದು ಆ ಗಳಿಗೆಯಲ್ಲಿ. ಆದ್ದರಿಂದ ಮುಚ್ಚಳವಿಲ್ಲದ ಎರಡು ಬುಡ್ಡಿ ಕಂಡರೆ ಅಲ್ಲಿಗೇ ಬಿಡಬೇಡಿ. ಹಿತ್ತಾಳೆ ಚೀಲ ಇನ್ನೂ ಲಾರಿ ಹತ್ತಿಲ್ಲದಿದ್ದರೆ ಅದನ್ನು ಸುರುವಿ ತೋರಿಸಲು ಕೇಳಿ. ತೂಕಕ್ಕೆ ಆ ದಿನದ ಹಿತ್ತಾಳೆ ದರವನ್ನೇ ಕೊಡುತ್ತೇವೆಂದರೆ ಯಾರೂ ಬೇಡ ಅನ್ನುವುದಿಲ್ಲ. ಶೇಕರ್ ಮುಚ್ಚಳ ತೆಳು ತಗಡಿನದು, ಕೆಲವೇ ಗ್ರಾಂ ತೂಗುತ್ತದೆ. ಆ ದಿನದ ಗುಜರಿ ದರವೇ ಲೋಹದ ಸಾಮಾನಿನ ನೆಲಬೆಲೆ. ಮಾತು ಅಲ್ಲಿಂದ ಮೇಲಕ್ಕೆ ಹೋಗಬೇಕೇ ಹೊರತು, ಅಂಗಡಿಯವರು ಬಾಯಿಗೆ ಬಂದಂತೆ ಹೇಳಿದ ಬೆಲೆಯಿಂದ ಕೆಳಗಿಳಿಯುವುದಲ್ಲ.

ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ. ಮುಚ್ಚಳ ಅಂಟಿಕೊಂಡರೆ ಅದು ಮೇಲೆ ಲೇಪ ಕೊಟ್ಟ ಕಬ್ಬಿಣದ ತಗಡು. ಉಪ್ಪಿನ ಸಂಗಡ ಇದ್ದದ್ದರಿಂದ ಒಳಮೈ ತುಕ್ಕು ತಿಂದಿರುತ್ತದೆ, ರಂಧ್ರಗಳ ಅಂಚು ಕೈಗೆ ಒರಟಾಗಿ ತಾಗುತ್ತದೆ. ಅಂಟದೆ, ತೂಕವಿದ್ದು, ಕೆರೆದರೆ ಬೂದುಬಣ್ಣ ಕಂಡು, ಮೇಲ್ಮೈಯಲ್ಲಿ ಗುಳ್ಳೆಗಳೆದ್ದಿದ್ದರೆ ಅದು ಸತುವಿನ ಎರಕ. ಗುಳ್ಳೆ ಎದ್ದ ಸತುವಿಗೆ ಔಷಧವಿಲ್ಲ, ಬಿಟ್ಟುಬಿಡಿ. ಹಿತ್ತಾಳೆಯ ಮೇಲೆ ಕ್ರೋಮ್ ಅಥವಾ ನಿಕ್ಕಲ್ ಇದ್ದದ್ದು ಎಷ್ಟು ಕಪ್ಪಾಗಿದ್ದರೂ ಕೊಳ್ಳಬಹುದು.

ಮುಚ್ಚಳ ಬುಡ್ಡಿಗೇ ಕಚ್ಚಿಕೊಂಡಿದ್ದರೆ ಅಂಗಡಿಯಲ್ಲಿ ತಿರುಗಿಸಲು ಹೋಗಬೇಡಿ, ಗಾಜಿನ ಕಂಠ ಸೀಳುತ್ತದೆ. ಕಚ್ಚಿಸಿರುವುದು ಬಹಳ ಸಲ ತುಕ್ಕಲ್ಲ, ತಿರುಪಿನ ಎಳೆಗಳ ನಡುವೆ ಗಟ್ಟಿಯಾದ ಉಪ್ಪು. 100 ಮಿಲಿ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಅಂದರೆ ಒಂದು ಲೋಟ ನೀರು ಧಾರಾಳ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಬೋರಲು ನಿಲ್ಲಿಸಿ, ಒಂದು ರಾತ್ರಿ ಬಿಟ್ಟು, ರಬ್ಬರ್ ಕೈಗವಸು ಹಾಕಿ ಮೆಲ್ಲಗೆ ಬಿಚ್ಚಿ. ಬಾರದಿದ್ದರೆ ನೀರು ಬದಲಿಸಿ ಇನ್ನೊಂದು ರಾತ್ರಿ. ಕುದಿಯುವ ನೀರು ಮಾತ್ರ ಬೇಡವೇ ಬೇಡ; ಹಳೆಯ ಸೋಡಾ-ಲೈಮ್ ಗಾಜು ಒಮ್ಮೆಗೇ ಬಿಸಿ ತಾಗಿದರೆ ಬಿರಿಯುತ್ತದೆ. ಒಳಗಿನ ಕೊಳೆಗೆ ಒಂದು ಚಮಚ ಅಕ್ಕಿ, ಎರಡು ಹನಿ ಪಾತ್ರೆ ಸೋಪು, ಸ್ವಲ್ಪ ನೀರು ಹಾಕಿ ಗರಗರ ತಿರುಗಿಸಿದರೆ ಸಾಕು. ಮರಳು ಹಾಕಬೇಡಿ, ಗೀರು ಬೀಳುತ್ತದೆ.

ಗಾಜು ಮಂಜಾಗಿದ್ದರೆ ಎರಡು ಸಾಧ್ಯತೆ. ನೀರಿನ ಸುಣ್ಣ ಕಟ್ಟಿದ್ದರೆ ಬಿಳಿ ವಿನಿಗರ್‌ನಲ್ಲಿ ಒಂದು ರಾತ್ರಿಗೆ ಹೋಗುತ್ತದೆ. ಗಾಜೇ ಸವೆದಿದ್ದರೆ, ಅಂದರೆ ತೇವಕ್ಕೆ ಅದರೊಳಗಿನ ಕ್ಷಾರ ಹೊರಬಂದು ಮೇಲ್ಮೈ ಕೊರೆದುಹೋಗಿದ್ದರೆ, ಯಾವುದಕ್ಕೂ ಹೋಗದು. ಅಂಗಡಿಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ, ಒದ್ದೆಯಾದಾಗ ಎರಡೂ ಒಂದೇ ರೀತಿ ತಿಳಿಯಾಗಿ ಕಾಣುತ್ತವೆ. ಒಣಗಿದ ಮೇಲೆ ಉಗುರಿನಿಂದ ಕೆರೆಯಿರಿ. ಸುಣ್ಣವಾದರೆ ಸ್ವಲ್ಪವಾದರೂ ಪುಡಿ ಏಳುತ್ತದೆ.

ಹಸಿರು ಅಥವಾ ಹಳದಿ ಛಾಯೆಯ ಗಾಜು ಸಿಕ್ಕರೆ ಯುವಿ ಟಾರ್ಚ್ ಬಿಟ್ಟು ನೋಡಿ. ಯುರೇನಿಯಂ ಸೇರಿಸಿ ಮಾಡಿದ ಗಾಜು ಕಡು ಹಸಿರಾಗಿ ಹೊಳೆಯುತ್ತದೆ. 395 ನ್ಯಾನೋಮೀಟರ್‌ನ ಅಗ್ಗದ ಟಾರ್ಚೇ ಈ ಕೆಲಸಕ್ಕೆ ವಾಸಿ. 365ರ ಟಾರ್ಚಿಗೆ ಮ್ಯಾಂಗನೀಸ್ ಇರುವ ಗಾಜೂ ಮಂಕಾಗಿ ಹಸಿರು ತೋರಿಸಿ ಗೊಂದಲವಾಗುತ್ತದೆ. ಹೊಳೆಯಿತೆಂದು ಅಂಗಡಿಯಲ್ಲಿ ಹಿಗ್ಗಿ ತೋರಿಸಿಕೊಳ್ಳಬೇಡಿ, ಬೆಲೆಯೂ ಅಷ್ಟೇ ಬೇಗ ಹೊಳೆಯುತ್ತದೆ.

ಮುಚ್ಚಳ ಎಲ್ಲೂ ಸಿಗದಿದ್ದರೆ ಬೆಳಗಾವಿಗೆ ಬೇರೆ ಊರಿಗಿಲ್ಲದ ಭಾಗ್ಯ ಒಂದಿದೆ: ಉದ್ಯಮಬಾಗ ಕೈಗಾರಿಕಾ ಪ್ರದೇಶ. ಫೌಂಡ್ರಿ, ಹೈಡ್ರಾಲಿಕ್ಸ್ ಬಿಡಿಭಾಗ, ಟರ್ನಿಂಗ್ ಕೆಲಸದ ಊರು ಇದು. ಲೇಥ್ ಇಟ್ಟುಕೊಂಡ ಸಣ್ಣ ವರ್ಕ್‌ಶಾಪುಗಳಲ್ಲಿ ಲೋಹದ ಡಬ್ಬಿಗೆ ಹಿತ್ತಾಳೆಯ ಹೊಸ ಮುಚ್ಚಳ ತಿರುವಿಸಿಕೊಳ್ಳಬಹುದು. ಕೆಲಸದ ಅಚ್ಚುಕಟ್ಟಿಗೆ ಪೂರ್ತಿ ಅಂಕ. ಆದರೆ ಬರೀ ‘ಇದಕ್ಕೊಂದು ಮುಚ್ಚಳ ಮಾಡಿಕೊಡಿ’ ಎಂದು ಕೊಟ್ಟು ಬಂದರೆ ಕೆಲಸ ಕೆಡುತ್ತದೆ. ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇಂಗ್ಲೆಂಡಿನಲ್ಲಿ ತೆಳು ಹಿತ್ತಾಳೆ ಕೊಳವೆಗಳಿಗೆ ಬ್ರಿಟಿಷ್ ಬ್ರಾಸ್ ಥ್ರೆಡ್ ಎಂಬ ತಿರುಪು ಬಳಸುತ್ತಿದ್ದರು; ಹಳೆಯ ಡಬ್ಬಿಯ ಎಳೆಯೂ ಇದೇ ಇರಬಹುದು. ವ್ಯಾಸ ಎಷ್ಟೇ ಇರಲಿ, ಅಂಗುಲಕ್ಕೆ 26 ಎಳೆ, ಎಳೆಯ ಕೋನ 55 ಡಿಗ್ರಿ. ಲೆಕ್ಕ ಹಾಕಿದರೆ ಎಳೆಯಿಂದ ಎಳೆಗೆ 0.977 ಮಿಮೀ. ಇಂದಿನ ಮೆಟ್ರಿಕ್ ತಿರುಪಿನಲ್ಲಿ ಇದಕ್ಕೆ ಹತ್ತಿರದ್ದು 1 ಮಿಮೀ, ಕೋನ 60 ಡಿಗ್ರಿ. ಟರ್ನರ್ ಕಣ್ಣಳತೆಯಲ್ಲಿ 1 ಮಿಮೀ ಹಾಕಿಬಿಡುತ್ತಾರೆ. ಮೊದಲ ಸುತ್ತು ಹಗುರವಾಗಿ ಕೂರುತ್ತದೆ, ಎರಡನೆಯದೂ ಹೋಗುತ್ತದೆ, ನಾಲ್ಕನೆಯ ಸುತ್ತಿಗೆ ಬರುವಷ್ಟರಲ್ಲಿ ಸುಮಾರು 0.09 ಮಿಮೀ ವ್ಯತ್ಯಾಸ ಕೂಡಿ ಬಿಗಿಯಾಗಿ ನಿಲ್ಲುತ್ತದೆ. ಒತ್ತಿ ತಿರುಗಿಸಿದರೆ ಹಾಳಾಗುವುದು ಹೊಸ ಮುಚ್ಚಳವಲ್ಲ, ಹಳೆಯ ಡಬ್ಬಿಯ ಸವೆದ ಎಳೆ. ಅದನ್ನು ಮತ್ತೆ ತರುವುದು ಆಗದ ಮಾತು.

ಆದ್ದರಿಂದ ಎಳೆಗಳ ಅಂತರ ಅಳೆಯುವ ಪಿಚ್ ಗೇಜ್ ಎರಡು ಬಗೆಯದನ್ನು ಇಡಿಸಿ ನೋಡಿ, ಇಂಚಿನದು ಮತ್ತು ಮೆಟ್ರಿಕ್. ಬೆಳಕಿಗೆ ಹಿಡಿದಾಗ ಸಂದಿಲ್ಲದೆ ಕೂತದ್ದೇ ಸರಿ. 26 ಎಂದು ಖಚಿತವಾದರೆ ಟ್ಯಾಪ್ ಹಾಕುವ ಬದಲು ಲೇಥ್ ಮೇಲೆ ಒಂಟಿ ಟೂಲಿನಿಂದ ಎಳೆ ಕೊರೆಯಲು ಹೇಳಿ. ಇಂಚಿನ ಲೀಡ್ ಸ್ಕ್ರೂ (ಟೂಲನ್ನು ಸಾಗಿಸುವ ತಿರುಪು) ಇರುವ ಹಳೆಯ ಲೇಥ್ ಇದ್ದಲ್ಲಿ ಗೇರ್ ಹೊಂದಿಸಿದರೆ ಇದು ಸುಲಭ. ಎಳೆಯ ಆಳವೇ 0.6 ಮಿಮೀ ದಾಟುತ್ತದೆ, ಹಾಗಾಗಿ ಮುಚ್ಚಳದ ಗೋಡೆ 1.2 ಮಿಮೀಗಿಂತ ತೆಳ್ಳಗಿರಬಾರದು. ಡಬ್ಬಿಯನ್ನು ಅಲ್ಲೇ ಬಿಟ್ಟು ಬರಬೇಡಿ, ಪಕ್ಕದಲ್ಲಿ ನಿಂತು ಪ್ರತಿ ಕೊರೆತದ ನಂತರ ಹಾಕಿ ನೋಡಿಸಿ. ಇನ್ನು ಗಾಜಿನ ಬುಡ್ಡಿಯ ಕಂಠದಲ್ಲಿರುವ ದಪ್ಪ ಎಳೆ ಬೇರೆಯೇ ಜಾತಿ. ಅದು ಅಚ್ಚಿನಲ್ಲಿ ಬಂದದ್ದು, ಒಂದು-ಒಂದೂವರೆ ಸುತ್ತಿನದು. ಅದಕ್ಕೆ ತಕ್ಕ ತಗಡಿನ ಮುಚ್ಚಳ ಲೇಥಿನಿಂದ ಬರುವುದಿಲ್ಲ, ಇನ್ನೊಂದು ಒಡೆದ ಬುಡ್ಡಿಯದನ್ನೇ ಹುಡುಕಬೇಕು. ಬುಡ್ಡಿ ಒಡೆದಿದ್ದರೂ ಒಳ್ಳೆಯ ಮುಚ್ಚಳ ಇರುವುದನ್ನು ಕೊಂಡಿಡುವುದು ಜಾಣತನ.

ಕ್ಯಾಂಪ್ ಕಡೆ ಮನೆ ಖಾಲಿ ಮಾಡುವಾಗ ನಡೆಯುವ ಮಾರಾಟಗಳು ಈ ಪೇಟೆಯ ಅತ್ಯುತ್ತಮ ಭಾಗ. ಜೋಡಿ ಜೋಡಿಯಾಗಿಯೇ ಸಿಗುತ್ತದೆ, ಕೆಲವೊಮ್ಮೆ ಸಾಸಿವೆ ಪಾತ್ರೆ, ತಟ್ಟೆ ಸಮೇತ ಇಡೀ ಕ್ರುಯೆಟ್ ಸೆಟ್ ಇರುತ್ತದೆ. ವರ್ಗಾವಣೆಯ ಕಾಲ, ಅಂದರೆ ಶಾಲೆ ಮುಗಿದ ಬೇಸಿಗೆ, ಹುಡುಕಾಟಕ್ಕೆ ಸರಿಯಾದ ಹೊತ್ತು. ಮಾರುವವರು ಮನೆಯವರಾದ್ದರಿಂದ ನಾಲ್ಕು ಮಾತು ಗೌರವದಿಂದ ಕೇಳಿ, ಒರಟು ಚೌಕಾಸಿ ಬೇಡ. ಆದರೆ ಸಾಮಾನಿನ ಪ್ರಾಯದ ವಿಷಯದಲ್ಲಿ ಅವರು ಹೇಳಿದ್ದನ್ನೆಲ್ಲ ನಂಬಬೇಡಿ. ‘ವಿಕ್ಟೋರಿಯಾ ರಾಣಿ ಕಾಲದ ಉಪ್ಪಿನ ಶೇಕರ್’ ಎಂಬ ಮಾತು ಸಾಮಾನ್ಯ. ಆ ಕಾಲದ ಮೇಜಿನ ಮೇಲೆ ಉಪ್ಪು ಇರುತ್ತಿದ್ದುದು ಹೆಚ್ಚಾಗಿ ತೆರೆದ ಪುಟ್ಟ ಬಟ್ಟಲಿನಲ್ಲಿ, ಚಮಚದೊಂದಿಗೆ. ಬೆಳ್ಳಿಯನ್ನು ಉಪ್ಪು ತಿನ್ನದಿರಲೆಂದು ಒಳಗೆ ನೀಲಿ ಗಾಜಿನ ಬಟ್ಟಲು ಕೂರಿಸುತ್ತಿದ್ದರು. ಉಪ್ಪು ಗಂಟಾಗದೆ ಉದುರುವಂತೆ ಅಮೆರಿಕದ ಮಾರ್ಟನ್ ಕಂಪನಿ ಅದಕ್ಕೆ ಮೆಗ್ನೀಷಿಯಂ ಕಾರ್ಬೊನೇಟ್ ಬೆರೆಸತೊಡಗಿದ್ದು 1911ರಲ್ಲಿ. ಉಪ್ಪಿನ ಶೇಕರ್ ಮನೆಮನೆಗೆ ಬಂದದ್ದು ಆಮೇಲೆ. ಅದಕ್ಕೂ ಹಿಂದಿನ, ಸಣ್ಣ ರಂಧ್ರಗಳ ಡಬ್ಬಿ ಸಿಕ್ಕರೆ ಅದು ಬಹುಮಟ್ಟಿಗೆ ಮೆಣಸಿನದು. ಅದರ ಜೋಡಿ ಹುಡುಕುವುದು ವ್ಯರ್ಥ, ಹುಡುಕಬೇಕಾದದ್ದು ಒಳಗೆ ನೀಲಿ ಗಾಜು ಕೂರಿಸಿದ ಆ ಉಪ್ಪಿನ ಬಟ್ಟಲನ್ನು. ನೀಲಿ ಗಾಜು ಮಾತ್ರ ಒಂಟಿಯಾಗಿ ಮೋಡಕಾ ರಾಶಿಯಲ್ಲಿ ಕಂಡರೂ ಬಿಡಬೇಡಿ.

ಯಾವುದು ಉಪ್ಪಿನದು, ಯಾವುದು ಮೆಣಸಿನದು ಎಂಬುದಕ್ಕೆ ರಂಧ್ರ ಎಣಿಸುವ ಕ್ರಮ ಉಂಟು. ಇಂಗ್ಲಿಷ್ ಸಂಪ್ರದಾಯದಲ್ಲಿ ಒಂದೇ ದೊಡ್ಡ ರಂಧ್ರ ಉಪ್ಪಿಗೆ, ಹಲವು ರಂಧ್ರ ಮೆಣಸಿಗೆ. ಅಮೆರಿಕದ ಜೋಡಿಗಳಲ್ಲಿ ಇದು ಅದಲುಬದಲಾಗಿರುವುದೂ ಸಾಮಾನ್ಯ. ಎರಡರಲ್ಲೂ ರಂಧ್ರಗಳ ಸಂಖ್ಯೆ ಒಂದೇ ಇದ್ದರೆ ಎರಡು ಜೋಡಿಗಳ ಅರ್ಧರ್ಧ ಸೇರಿಸಿದ ಬೆರಕೆ ಇರಬಹುದು. ಕ್ಯಾಲಿಪರ್‌ನಿಂದ ಎತ್ತರ, ಕಂಠ ಅಳೆಯಿರಿ, ತಳದ ಅಚ್ಚಿನ ಸಂಖ್ಯೆ ಹೋಲಿಸಿ, ಪಿಂಗಾಣಿಯಾದರೆ ಬಿಳಿ ಬಣ್ಣವನ್ನು ಹಗಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಒಂಟಿ ಡಬ್ಬಿಗೆ ಜೋಡಿಯ ಅರ್ಧ ಬೆಲೆ ಕೊಡುವುದು ತಪ್ಪು ಲೆಕ್ಕ, ಕಾಲು ಭಾಗ ಕೊಟ್ಟರೆ ಹೆಚ್ಚು.

ಪಾತ್ರೆ ಅಂಗಡಿಗಳಲ್ಲಿ ಮೋಡಿಗೆ, ಅಂದರೆ ಹಳೆ ಲೋಹದ ವಿನಿಮಯಕ್ಕೆ, ಬಂದ ಬೆಳ್ಳಿ ಬಣ್ಣದ ಡಬ್ಬಿಗಳ ಬಗ್ಗೆ ಎಚ್ಚರ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ತಾಮ್ರ, ನಿಕ್ಕಲ್, ಸತು ಬೆರೆತ ಲೋಹ ಅದು. ಅದರ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಕೂರಿಸಿದ್ದೇ ಇಪಿಎನ್‌ಎಸ್. ಈ ನಾಲ್ಕು ಅಕ್ಷರಗಳನ್ನು ನಾಲ್ಕು ಬೇರೆ ಬೇರೆ ಗುರಾಣಿಯೊಳಗೆ ಒತ್ತಿರುತ್ತಾರೆ, ಸವೆದಾಗ ಹಾಲ್‌ಮಾರ್ಕಿನಂತೆಯೇ ಕಾಣುತ್ತದೆ. ಇಂಗ್ಲೆಂಡಿನ ನಿಜವಾದ ಸ್ಟರ್ಲಿಂಗ್ ಬೆಳ್ಳಿಯಲ್ಲಿ ನಡೆಯುತ್ತಿರುವ ಸಿಂಹ ಇರಬೇಕು, ಜೊತೆಗೆ ಊರಿನ ಗುರುತು: ಬರ್ಮಿಂಗ್‌ಹ್ಯಾಮಿಗೆ ಲಂಗರು, ಲಂಡನ್ನಿಗೆ ಚಿರತೆಯ ತಲೆ, ಶೆಫೀಲ್ಡಿಗೆ 1974ರವರೆಗೆ ಕಿರೀಟ. ಅನುಮಾನವಿದ್ದರೆ ಬೆಳಗಾವಿಯದೇ ಶಹಾಪುರದ ಸರಾಫರ (ಬೆಳ್ಳಿ-ಬಂಗಾರದ ವ್ಯಾಪಾರಿಗಳ) ಹತ್ತಿರ ಒರೆಗೆ ಹಚ್ಚಿಸಿ. ಅಮೆರಿಕದ ಸ್ಟರ್ಲಿಂಗ್ ಶೇಕರ್‌ಗಳ ತಳದಲ್ಲಿ ‘ವೇಟೆಡ್’ ಎಂದಿದ್ದರೆ ಒಳಗೆ ಭಾರಕ್ಕೆಂದು ಬೇರೇನೋ ತುಂಬಿದ್ದಾರೆಂದು ಅರ್ಥ. ಅದನ್ನು ಬೆಳ್ಳಿಯ ತೂಕಕ್ಕೆ ಕೊಂಡರೆ ನಷ್ಟ.

ಲೇಪ ಎಷ್ಟು ಉಳಿದಿದೆ ಎಂದು ತಿಳಿಯಲು ಕೈ ಹೆಚ್ಚು ತಾಗುವ ಜಾಗ ನೋಡಿ: ಮುಚ್ಚಳದ ಅಂಚು, ಹೊಟ್ಟೆಯ ಉಬ್ಬು, ಪಾದದ ಸುತ್ತು. ಹಳದಿ ಮಿಶ್ರಿತ ಬೂದು ಇಣುಕಿದರೆ ಬೆಳ್ಳಿ ಮುಗಿದಿದೆ. ರಂಧ್ರಗಳ ಸುತ್ತ ಹಸಿರು ಪುಡಿ ಇದ್ದರೆ ಉಪ್ಪು ತಾಮ್ರವನ್ನು ತಿನ್ನಲು ಶುರು ಮಾಡಿದೆ. ಒಣ ಬ್ರಷ್‌ನಿಂದ ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಕಳೆದು, ಪೂರ್ತಿ ಒಣಗಿಸಬೇಕು. ಹುಣಸೆಹಣ್ಣು-ಬೂದಿ, ಹಿತ್ತಾಳೆಗೆಂದು ಮಾರುವ ಪುಡಿ ಇಂಥವನ್ನು ಲೇಪದ ಮೇಲೆ ಉಜ್ಜಿದರೆ ಅಳಿದುಳಿದ ಬೆಳ್ಳಿಯೂ ಹೋಗುತ್ತದೆ.

ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಅಕ್ಷರ ಕೆತ್ತಿದ ಮೇಜಿನ ಸಾಮಾನು ಎಂದು ಯಾರಾದರೂ ತೋರಿಸಿದರೆ ಕಾಲ ಹೇಳುವುದು ಸುಲಭ. ಆ ಹೆಸರಿನ ಕಂಪನಿ ಹುಟ್ಟಿದ್ದು 1908ರಲ್ಲಿ, ದಕ್ಷಿಣ ರೈಲ್ವೆಯಲ್ಲಿ ಸೇರಿಹೋದದ್ದು 1951ರಲ್ಲಿ. ಆದರೆ ಅಕ್ಷರವನ್ನು ಈಗಲೂ ಕೆತ್ತಿಸಬಹುದು. ಹಳೆಯ ಕೆತ್ತನೆಯ ಅಂಚು ದಶಕಗಳ ಒರೆಸುವಿಕೆಯಿಂದ ನಯವಾಗಿರುತ್ತದೆ, ಹೊಸದು ಉಗುರಿಗೆ ಚುರುಕಾಗಿ ಸಿಕ್ಕುತ್ತದೆ. ಭೂತಕನ್ನಡಿಯಲ್ಲಿ ನೋಡಿದಾಗ ಹಳೆಯ ಗೀರುಗಳನ್ನು ಅಕ್ಷರ ಕತ್ತರಿಸಿಕೊಂಡು ಹೋಗಿದ್ದರೆ ಅದು ಇತ್ತೀಚಿನದು.

ಪಿಂಗಾಣಿಯ ಗೊಂಬೆ ಜೋಡಿಗಳಲ್ಲಿ, ಬಾತುಕೋಳಿ, ಅಡುಗೆಯವ, ಹಣ್ಣು ಹೀಗೆ, ಹೆಚ್ಚಿನವು ಜಪಾನಿನವು. ತಳದಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧದ ನಂತರ ಅಮೆರಿಕದ ಹಿಡಿತ ಇದ್ದ ಕಾಲದ್ದು, 1952ಕ್ಕೆ ಮುಗಿಯಿತು. ಬರೀ ‘ಜಪಾನ್’ ಎಂದಿದ್ದರೆ ಅದಕ್ಕೆ ಹಿಂದೆಯೂ ಇರಬಹುದು, ಮುಂದೆಯೂ ಇರಬಹುದು. ಒದ್ದೆ ಹತ್ತಿಯಿಂದ ತಳದ ಹತ್ತಿರ ಒಂದು ಚುಕ್ಕೆಯಷ್ಟು ಒರೆಸಿ ನೋಡಿ. ಬಣ್ಣ ಹತ್ತಿಗೆ ಬಂದರೆ ಅದನ್ನು ಸುಟ್ಟ ಮೇಲೆ ಬಳಿದದ್ದು, ನೀರಿಗೆ ಹಾಕುವಂತಿಲ್ಲ. ಮೊಬೈಲ್ ಟಾರ್ಚನ್ನು ಬಿರಡೆಯ ತೂತಿಗೆ ಹಿಡಿದರೆ ಕೂದಲೆಳೆಯ ಬಿರುಕೂ ಕಾಣುತ್ತದೆ. ಆ ಕಾಲದ ಕೆಂಪು-ಹಳದಿ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವುದು ಸಾಮಾನ್ಯವಾದ್ದರಿಂದ ಇವನ್ನು ಕಪಾಟಿಗೇ ಮೀಸಲಿಡಿ, ಊಟಕ್ಕೆ ಬೇಡ.

ಇವುಗಳ ದೊಡ್ಡ ರೋಗ ಒಳಗೇ ಉಳಿದ ಉಪ್ಪು. ಒಳಮೈಗೆ ಮೆರುಗು ಇಲ್ಲದ ಮಣ್ಣು ಉಪ್ಪುನೀರನ್ನು ಹೀರಿಕೊಂಡು, ಒಣಗಿದಾಗ ಹರಳು ಬೆಳೆದು, ಹೊರಗಿನ ಮೆರುಗನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಬೆಳಗಾವಿಯಲ್ಲಿ ಇದು ಹೆಚ್ಚು, ಏಕೆಂದರೆ ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ನೀರಾಗುತ್ತದೆ, ಇಳಿದರೆ ಮತ್ತೆ ಹರಳಾಗುತ್ತದೆ. ನಮ್ಮ ಮಳೆಗಾಲ ಮತ್ತು ಬೇಸಿಗೆಯ ನಡುವೆ ಈ ಆಟ ವರ್ಷವರ್ಷವೂ ನಡೆಯುತ್ತದೆ. ಪರಿಹಾರ ಸುಲಭ, ತಾಳ್ಮೆ ಬೇಕು. ಬಿರಡೆ ತೆಗೆದು, ಒಣ ಬ್ರಷ್‌ನಿಂದ ಒಳಗನ್ನು ಉದುರಿಸಿ, ಆರ್‌ಒ ನೀರಿನಲ್ಲಿ ಬಾಯಿ ಮೇಲಾಗಿ ಮುಳುಗಿಸಿ. ಮುಳುಗಿಸುವ ಮುನ್ನ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಓದು ಬರೆದಿಡಿ, ಅದೇ ನೀರನ್ನು ಹೋಲಿಕೆಗೆ ಇನ್ನೊಂದು ಲೋಟದಲ್ಲಿಡಿ. 24 ಗಂಟೆ ಬಿಟ್ಟು ಎರಡನ್ನೂ ಅಳೆಯಿರಿ, ನೀರು ಬದಲಿಸಿ. ಮೊದಮೊದಲು ಓದು ಜೋರಾಗಿ ಏರುತ್ತದೆ, ದಿನ ಕಳೆದಂತೆ ಏರಿಕೆ ತಗ್ಗುತ್ತದೆ. ಎರಡು ಲೋಟಗಳ ನಡುವಿನ ಅಂತರ 10 ಪಿಪಿಎಂ ಒಳಗೆ ಬಂದಾಗ ನಿಲ್ಲಿಸಿ. ನೆರಳಲ್ಲಿ ಬಟ್ಟೆಯ ಮೇಲೆ ನಿಧಾನವಾಗಿ ಒಣಗಿಸಿ. ಬಿಸಿಲಿಗಿಟ್ಟರೆ ನೀರು ಬೇಗ ಆರಿ, ಉಳಿದ ಉಪ್ಪು ಮೇಲ್ಮೈಗೇ ಬಂದು ಕೂರುತ್ತದೆ. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ.

ಬಿರಡೆಗಳಿಗೆ ಮೂಲ ರಬ್ಬರ್ ಗಟ್ಟಿಯಾಗಿ ಪುಡಿಯಾಗಿದ್ದರೆ ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಸಿಗುವ ಒಂದು ತುದಿ ಸಪೂರವಾದ ಕಾರ್ಕ್ ಸಾಕು. ತೂತಿನ ವ್ಯಾಸಕ್ಕಿಂತ 1 ಮಿಮೀ ದಪ್ಪದ್ದನ್ನು ತಂದು, ಬಿಸಿನೀರಿನಲ್ಲಿ ಐದು ನಿಮಿಷ ಮೆತ್ತಗೆ ಮಾಡಿ, ಹೆಬ್ಬೆರಳಿನಿಂದ ಒತ್ತಿ. ಸುತ್ತಿಗೆ ಬೇಡ.

ಕೊನೆಯದು ಲೇಪದ ಸೇವೆ. ಊರಿನಲ್ಲಿ ಪ್ಲೇಟಿಂಗ್ ಮಾಡುವವರು ಮುಖ್ಯವಾಗಿ ಯಂತ್ರಭಾಗಗಳಿಗೆ ಸತು, ನಿಕ್ಕಲ್, ಕ್ರೋಮ್ ಹಾಕುವವರು. ಹಿತ್ತಾಳೆ ಮುಚ್ಚಳಕ್ಕೆ ನಿಕ್ಕಲ್ ಬೇಕಾದರೆ ಧಾರಾಳವಾಗಿ ಕೊಡಿ, ‘ಬಫಿಂಗ್ ಕಡಿಮೆ ಇರಲಿ, ರಂಧ್ರದ ಅಂಚು ಮುಚ್ಚಬಾರದು’ ಎಂದು ಚೀಟಿ ಬರೆದು ಕಟ್ಟಿ. ಬಫಿಂಗ್ ಎಂದರೆ ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು. ಇಪಿಎನ್‌ಎಸ್ ಡಬ್ಬಿಗೆ ಹೊಸ ಬೆಳ್ಳಿ ಹಾಕಿಸುವುದಾದರೆ ಬಫಿಂಗ್ ಚಕ್ರಕ್ಕೆ ಕೊಡುವ ಮೊದಲೇ ತಳದ ಮುದ್ರೆಯ ಮೇಲೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಮುದ್ರೆ ಅಳಿಸಿ ಬರುತ್ತದೆ. ತಳದಲ್ಲಿ ಇಪಿಬಿಎಂ ಎಂದಿದ್ದರೆ ಅದು ಬ್ರಿಟಾನಿಯಾ ಲೋಹ, ಬಹುಪಾಲು ತವರ. ಸುಮಾರು 250 ಡಿಗ್ರಿಗೆ ಕರಗುತ್ತದೆ. ಬೆಸುಗೆಯವರು ಗ್ಯಾಸ್ ಜ್ವಾಲೆ ಹಿಡಿದರೆ ಕಣ್ಣೆದುರೇ ಕುಸಿಯುತ್ತದೆ, ಬಫಿಂಗ್ ಚಕ್ರಕ್ಕೆ ಒತ್ತಿ ಹಿಡಿದರೂ ಅಂಚು ಬಾಗುತ್ತದೆ. ಇಪಿಬಿಎಂ ಸಾಮಾನು ರಿಪೇರಿ ಬೇಡುವ ಸ್ಥಿತಿಯಲ್ಲಿದ್ದರೆ ಎಷ್ಟು ಅಗ್ಗವಾದರೂ ಅಲ್ಲೇ ಇಟ್ಟು ಬನ್ನಿ.